ತಾರಸಿಯ ಮೇಲೆ ಶನಿಯನ್ನು ತೋರಿಸುವ ಬಗೆ

ಪುಣೆಯಲ್ಲಿ ಜನರಿಗೆ ಆಕಾಶ ತೋರಿಸಲು ಹೊರಟ ಖಗೋಳ ಅಧ್ಯಾಪಕರು ಮೊದಲು ದಿನವನ್ನು ನೋಡಿ ಆರಿಸಿಕೊಳ್ಳಬೇಕು. ಮಳೆಗಾಲವನ್ನು ಬಿಟ್ಟುಬಿಡಿ, ನವೆಂಬರ್‌ನಿಂದ ಫೆಬ್ರವರಿವರೆಗಿನ ಸಂಜೆಗಳು ಮೇಲು. ಹುಣ್ಣಿಮೆಯೂ ಬೇಡ. ಶುಕ್ಲಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ ಬಿಸಿಲು ಓರೆಯಾಗಿ ಬೀಳುವುದರಿಂದ ಚಂದ್ರನ ಕುಳಿಗಳು ನೆರಳಿನ ಸಮೇತ ಎದ್ದು ಕಾಣುತ್ತವೆ.

ಪುಣೆಯ ಕೊತ್ರೂಡು ಬಡಾವಣೆಯ ತಾರಸಿಯೊಂದರಲ್ಲಿ ಕನ್ನಡಿಗರ ಕೂಟಕ್ಕೆ ಮೊದಲ ಬಾರಿ ಶನಿಯನ್ನು ತೋರಿಸಲು ಹೋದಾಗ ನಾನು ತರಗತಿಯ ಅಭ್ಯಾಸದಂತೆ ಇಪ್ಪತ್ತು ನಿಮಿಷ ಉಪನ್ಯಾಸ ಮಾಡಿದೆ. ಅಷ್ಟರಲ್ಲಿ ಗ್ರಹವು ಪಕ್ಕದ ಕಟ್ಟಡದ ಹಿಂದೆ ಸರಿದಿತ್ತು. ಆದ್ದರಿಂದ ಮೊದಲು ತೋರಿಸಿ, ಮಾತು ಆಮೇಲೆ. ನೂರು ಪಟ್ಟು ಹಿಗ್ಗಿಸುವ ಐಪೀಸಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಮಸೂರದಲ್ಲಿ, ಸುಮಾರು ಅರ್ಧ ಡಿಗ್ರಿ ಆಕಾಶ ಕಾಣುತ್ತದೆ. ಭೂಮಿ ತಿರುಗುವುದರಿಂದ, ಮೋಟಾರು ಇಲ್ಲದ ದೂರದರ್ಶಕದಲ್ಲಿ ಗ್ರಹವು ಎರಡೇ ನಿಮಿಷಗಳಲ್ಲಿ ಅದನ್ನು ದಾಟಿಬಿಡುತ್ತದೆ. ಗ್ರಹವನ್ನು ನಡುವಿಗೆ ತರದೆ, ಅದು ಒಳಬರುವ ಅಂಚಿನಲ್ಲಿಟ್ಟರೆ ಇಬ್ಬರು ಮೂವರಾದರೂ ನೋಡಬಹುದು. ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಗ್ಗಲು ಹೇಳಿ, ಇಲ್ಲವಾದರೆ ಕೊಳವೆಯನ್ನೇ ಹಿಡಿದು ಅಲುಗಿಸುತ್ತಾರೆ. ಮಕ್ಕಳಿಗೊಂದು ಸ್ಟೂಲು ಇರಲಿ.

ಪ್ರಶ್ನೆಗಳು ನೀವು ನಿರೀಕ್ಷಿಸಿದ ದಿಕ್ಕಿನಿಂದ ಬರುವುದಿಲ್ಲ. ಧಾರವಾಡದ ಕಡೆಯ ಅಜ್ಜಿಯೊಬ್ಬರು ಉಂಗುರವನ್ನು ಬಹಳ ಹೊತ್ತು ನೋಡಿ, “ಸರ, ಏಳೂವರೆ ವರ್ಷ ಕಾಡಾಂವ ಇವನೇನ್ರೀ?” ಎಂದರು. ಇಂಥಲ್ಲಿ ನಗಬೇಡಿ, ಖಂಡಿಸಲೂ ಹೋಗಬೇಡಿ, ಲೆಕ್ಕ ಹೇಳಿ. ಶನಿಯು ಸೂರ್ಯನನ್ನು ಸುತ್ತಲು ಸುಮಾರು 29.5 ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದಕ್ಕೆ ಹೆಚ್ಚುಕಡಿಮೆ ಎರಡೂವರೆ ವರ್ಷ, ಸಾಡೇಸಾತಿಯ ಮೂರು ರಾಶಿಗೆ ಏಳೂವರೆ. ಅಜ್ಜಿ ಬೆರಳು ಮಡಚಿ ಎಣಿಸಿ, “ಅಂದ್ರ ಅಂವ ನಿಧಾನ ನಡೀತಾನ, ಅಷ್ಟ” ಎಂದರು. ನನ್ನ ಉಪನ್ಯಾಸಕ್ಕಿಂತ ಅದು ಚೆನ್ನಾಗಿತ್ತು.

ಅದೇ ಪ್ರಶ್ನೆಯನ್ನು ತರಗತಿಗೂ ಒಯ್ಯಿರಿ. ಗ್ರಹದ ಪರಿಭ್ರಮಣದ ಅವಧಿಯ ವರ್ಗವು ಸೂರ್ಯನಿಂದ ಅದರ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ ಎಂಬ ಕೆಪ್ಲರನ ಮೂರನೆಯ ನಿಯಮವನ್ನು ಸೂತ್ರದಿಂದ ಆರಂಭಿಸುವ ಬದಲು, ಸಾಡೇಸಾತಿಯ ಏಳೂವರೆ ವರ್ಷದಿಂದ ಪರಿಭ್ರಮಣದ ಅವಧಿಯನ್ನು ವಿದ್ಯಾರ್ಥಿಗಳೇ ಹುಡುಕಲಿ; ನಿಖರ ಬೆಲೆಯಾದ 29.46ರ ವರ್ಗವೂ, ಸೂರ್ಯನಿಂದ ಭೂಮಿಗಿರುವ ದೂರದ 9.54 ಪಟ್ಟು ಎಂಬುದರ ಘನವೂ ಸುಮಾರು 868ಕ್ಕೆ ಬರುವುದನ್ನು ತಾವೇ ಕಂಡುಕೊಳ್ಳಲಿ. ಮುಂದಿನ ಸಂಜೆ ಅವರನ್ನೇ ಸಾಲಿನ ಪಕ್ಕ ನಿಲ್ಲಿಸಿ. ಕಾಯುತ್ತಿರುವವರಿಗೆ ಕನ್ನಡದಲ್ಲೋ ಮರಾಠಿಯಲ್ಲೋ ವಿವರಿಸುವಾಗ ಯಾರಿಗೆ ಎಷ್ಟು ಅರ್ಥವಾಗಿದೆ ಎಂಬುದು ಉತ್ತರಪತ್ರಿಕೆಗಿಂತ ಬೇಗ ತಿಳಿಯುತ್ತದೆ.

ಹಗಲಿನಲ್ಲಿ ಸೂರ್ಯನನ್ನು ತೋರಿಸುವುದಾದರೆ ಸೌರ ಫಿಲ್ಟರು ಕೊಳವೆಯ ಮುಂದಿನ ಬಾಯಿಗೆ ಭದ್ರವಾಗಿ ಕೂತಿರಬೇಕು. ಐಪೀಸಿಗೆ ಸಿಕ್ಕಿಸುವ ಫಿಲ್ಟರು ಕಾದು ಒಡೆಯಬಹುದು, ಅದನ್ನು ಮನೆಯಲ್ಲಿಯೂ ಇಡಬೇಡಿ.