ಟೋಟಲ್ ಲಾಸ್ ಆದ ಕಾರು: ಕೊಳ್ಳಬಹುದೇ, ಬಿಡಬೇಕೇ?

ಪೇಟೆಯಲ್ಲಿ ₹6 ಲಕ್ಷ ಬಾಳುವ ಕಾರು ₹4.25 ಲಕ್ಷಕ್ಕೆ ಸಿಗುತ್ತಿದೆ ಎಂದರೆ, ಉಳಿದ ₹1.75 ಲಕ್ಷ ಎಲ್ಲಿ ಹೋಯಿತು ಎಂದು ಮೊದಲು ಕೇಳಬೇಕು. ಅಮೆರಿಕದಲ್ಲಾದರೆ ವಿಮಾ ಕಂಪನಿ ‘ಟೋಟಲ್ ಲಾಸ್’ ಎಂದು ಕೈಬಿಟ್ಟ ಕಾರಿನ ಮಾಲೀಕತ್ವದ ಪತ್ರದ ಮೇಲೆಯೇ ‘ಸಾಲ್ವೇಜ್’, ಅಂದರೆ ಜಖಂ ಮಾಲು, ಎಂಬ ಮುದ್ರೆ ಬೀಳುತ್ತದೆ. ನಮ್ಮ ಆರ್‌ಸಿಯಲ್ಲಿ ಅಂಥ ಗುರುತು ಇರುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಬೇಸ್‌ಮೆಂಟಿನಲ್ಲೇ ಮುಳುಗಿದ ಕಾರಿಗೂ ನೀರೇ ಕಾಣದ ಕಾರಿಗೂ ಆರ್‌ಸಿ ಒಂದೇ ಥರ ಕಾಣುತ್ತದೆ. ಪತ್ತೆ ಹಚ್ಚುವ ಹೊಣೆಯೆಲ್ಲ ಕೊಳ್ಳುವವರದ್ದೇ.

ಹಾಗೆಂದು ‘ಟೋಟಲ್ ಲಾಸ್’ ಎಂಬ ಮಾತಿಗೇ ಹೆದರಬೇಕಿಲ್ಲ. ರಿಪೇರಿ ಖರ್ಚು ಪಾಲಿಸಿಯಲ್ಲಿ ನಮೂದಾದ ಕಾರಿನ ಮೌಲ್ಯದ, ಅಂದರೆ ಐಡಿವಿಯ ಶೇ 75ನ್ನು ಮೀರಿದರೆ ವಿಮೆಯ ಲೆಕ್ಕದಲ್ಲಿ ಅದು ಟೋಟಲ್ ಲಾಸ್. ನಾಲ್ಕು ವರ್ಷ ದಾಟಿದ ಕಾರಿನ ಐಡಿವಿ ಲೆಕ್ಕಹಾಕುವಾಗ ಹೊಸ ಕಾರಿನ ಬೆಲೆಯಲ್ಲಿ ಅರ್ಧದಷ್ಟು ಸವಕಳಿಗೇ ಹೋಗಿರುತ್ತದೆ. ಐಡಿವಿ ₹3 ಲಕ್ಷ ಇರುವ ಹಳೇ ಕಾರಿಗೆ ಬಂಪರ್, ಬಾನೆಟ್, ಎರಡು ಹೆಡ್‌ಲೈಟ್, ರೇಡಿಯೇಟರ್, ಏರ್‌ಬ್ಯಾಗ್ ಎಲ್ಲವನ್ನೂ ಶೋರೂಂ ದರದಲ್ಲಿ ಹೊಸದಾಗಿ ಹಾಕಿದರೆ ₹2.25 ಲಕ್ಷ ದಾಟುವುದು ಕಷ್ಟವಲ್ಲ, ಬಾಡಿಯ ಮೂಳೆ ಗಟ್ಟಿಯಾಗಿಯೇ ಇದ್ದರೂ. ಆದ್ದರಿಂದ ಟೋಟಲ್ ಲಾಸ್ ಯಾವುದರಿಂದ ಆಯಿತು ಎಂಬುದನ್ನೇ ಹುಡುಕಬೇಕು.

ಕಾರು ನೋಡುವ ಮೊದಲು ಕಾಗದ ನೋಡಿ

ಹಿಂದಿನ ಮೂರು ವರ್ಷದ ವಿಮಾ ಪಾಲಿಸಿಗಳ ಪ್ರತಿ ಕೇಳಿ. ಅದರಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲಿದೆ. ಕ್ಲೇಮ್ ಇಲ್ಲದ ವರ್ಷಗಳಿಗೆ ವಿಮಾ ಕಂತಿನಲ್ಲಿ ಸಿಗುವ ಈ ರಿಯಾಯಿತಿ ಶೇ 20, 25, 35, 45, 50 ಎಂದು ಏರುತ್ತ ಹೋಗುತ್ತದೆ. ಅದೇ ಮಾಲೀಕರ ಕೈಯಲ್ಲಿರುವಾಗಲೇ ಶೇ 45 ಇದ್ದದ್ದು ಮರುವರ್ಷ ಸೊನ್ನೆಗೆ ಇಳಿದಿದ್ದರೆ ನಡುವೆ ಕ್ಲೇಮ್ ಆಗಿದೆ ಅಥವಾ ವಿಮೆ ತಪ್ಪಿಹೋಗಿದೆ. ಎರಡರಲ್ಲಿ ಯಾವುದು ಎಂದು ಬಿಡಿಸಿ ಕೇಳಿ. ಮಾಲೀಕರು ಬದಲಾಗಿದ್ದರೆ ಮಾತ್ರ ಇದು ಪುರಾವೆಯಾಗದು, ಏಕೆಂದರೆ ಬೋನಸ್ ವ್ಯಕ್ತಿಯದ್ದು, ಕಾರಿನದ್ದಲ್ಲ.

ಕಂಪನಿ ಸರ್ವೀಸ್ ಸೆಂಟರ್‌ನಿಂದ ಸರ್ವೀಸ್ ಹಿಸ್ಟರಿ ತೆಗೆಸಿಕೊಡಲು ಮಾಲೀಕರನ್ನೇ ಕೇಳಿ. ಪ್ರತಿ 10,000 ಕಿ.ಮೀ.ಗೆ ತಪ್ಪದೆ ಬರುತ್ತಿದ್ದ ಕಾರು ದೊಡ್ಡ ಎಸ್ಟಿಮೇಟ್ ಆದಮೇಲೆ ಅತ್ತ ಸುಳಿದೇ ಇಲ್ಲ ಎಂದರೆ ಅಲ್ಲಿಂದ ಅದು ಸಾಲ್ವೇಜ್ ಖರೀದಿದಾರರ ಕೈಗೆ ಹೋಗಿರಬಹುದು.

ಇಲ್ಲೇ ಒಂದು ಅಪಾಯವಿದೆ, ದಯವಿಟ್ಟು ಹಗುರವಾಗಿ ನೋಡಬೇಡಿ. ಜಖಂ ಆದ ಕಾರಿನ ಆರ್‌ಸಿಯನ್ನೂ ಚಾಸಿ ನಂಬರ್ ಇರುವ ತಗಡಿನ ತುಂಡನ್ನೂ ಕದ್ದ ಕಾರಿಗೆ ಕೂರಿಸಿ ಮಾರುವ ದಂಧೆ ಇದೆ. ಚಾಸಿ ನಂಬರ್ 17 ಅಕ್ಷರ, ಅಂಕಿಗಳದ್ದು. ಬಾನೆಟ್ ಒಳಗಿನ ಹಿಂಗೋಡೆಯಲ್ಲೋ ಮುಂದಿನ ಸೀಟಿನ ಕೆಳಗೋ ಕೊರೆದಿರುತ್ತಾರೆ. ಆರ್‌ಸಿಯೊಡನೆ ಒಂದೊಂದೇ ಅಕ್ಷರ ತಾಳೆ ನೋಡಿ. ಆಮೇಲೆ ನಂಬರಿನ ಸುತ್ತ ಬೆರಳಾಡಿಸಿ. ಚೌಕಾಕಾರದ ವೆಲ್ಡಿಂಗ್ ಗೆರೆ, ಗ್ರೈಂಡರ್ ಉಜ್ಜಿದ ಗುರುತು, ಅಷ್ಟೇ ಜಾಗಕ್ಕೆ ಹೊಸ ಬಣ್ಣ ಕಂಡರೆ ಅಲ್ಲಿಗೇ ಬಿಡಿ. ಅದು ಪೊಲೀಸ್ ಠಾಣೆಯ ವ್ಯವಹಾರ, ರಿಯಾಯಿತಿಯದ್ದಲ್ಲ.

ನೀರು ಕುಡಿದ ಕಾರು

ಎಲ್ಲಕ್ಕಿಂತ ಮೋಸ ಹೆಚ್ಚು ನಡೆಯುವುದು ಇದರಲ್ಲಿ, ಏಕೆಂದರೆ ಹೊರಗೆ ಒಂದು ಗೀರೂ ಇರುವುದಿಲ್ಲ.

ಸೀಟ್‌ಬೆಲ್ಟನ್ನು ಮೆಲ್ಲಗೆ ಕೊನೆತನಕ ಎಳೆಯಿರಿ. ದಿನಬಳಕೆಯಲ್ಲಿ ಹೊರಗೇ ಬರದ ಕೊನೆಯ ಒಂದು ಗೇಣಿನಲ್ಲಿ ಮಣ್ಣಿನ ಕಂದು ಗೆರೆ, ಮುಗ್ಗಲು ವಾಸನೆ ಉಳಿದಿರುತ್ತದೆ. ಕಾರು ತೊಳೆಯುವವರ ಕೈ ಅಲ್ಲಿಗೆ ಹೋಗುವುದು ಅಪರೂಪ. ಮುಂದೆ, ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ ಕಾರ್ಪೆಟ್ಟಿನ ಅಡಿಗೆ ಟಿಶ್ಯೂ ಕಾಗದ ಒತ್ತಿ ಹಿಡಿಯಿರಿ. ತೇವ ಹತ್ತಿದರೆ ಅನುಮಾನ ಗಟ್ಟಿಯಾಯಿತು. ಸೀಟಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ, ಸ್ಟೆಪ್ನಿ ಇಡುವ ಗುಳಿಯಲ್ಲಿ ಸಣ್ಣ ಕೆಸರು ಕೂತಿದೆಯೇ ನೋಡಿ. ಎಂಟು ವರ್ಷದ ಕಾರಿಗೆ ಹೊಚ್ಚಹೊಸ ಕಾರ್ಪೆಟ್ ಇದ್ದರೂ ಕಾರಣ ಕೇಳಲೇಬೇಕು. ಕಿಟಕಿ ಮುಚ್ಚಿ ಹತ್ತು ನಿಮಿಷ ಹೀಟರ್ ಹಾಕಿದರೆ ಸೆಂಟು ಹೊಡೆದು ಮುಚ್ಚಿದ ವಾಸನೆಯೂ ಮೇಲೆ ಬರುತ್ತದೆ.

ನೀರು ಇಷ್ಟು ಕೆಡುಕು ಮಾಡುವುದೇಕೆ? ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಬಹುತೇಕ ಕಾರುಗಳಲ್ಲಿ ಗೇರ್ ಲಿವರಿನ ಆಸುಪಾಸು, ನೆಲಕ್ಕೆ ಹತ್ತಿಕೊಂಡೇ ಇರುತ್ತದೆ. ವೈರಿಂಗ್ ಜಂಟಿಗಳೂ ಕಾರ್ಪೆಟ್ಟಿನ ಅಡಿಯಲ್ಲೇ. ಒಣಗಿದ ಮೇಲೂ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತಲೇ ಹೋಗುತ್ತದೆ. ಕೊಂಡ ದಿನ ಎಲ್ಲ ಸರಿಯಿದ್ದು ಕೆಲವು ತಿಂಗಳಾದ ಮೇಲೆ ಪವರ್ ವಿಂಡೋ, ಸೆನ್ಸರ್, ಎಬಿಎಸ್ ಒಂದೊಂದಾಗಿ ಕೈಕೊಡುವುದು ಇದರಿಂದಲೇ.

ಎಂಜಿನ್‌ದು ಬೇರೆ ಕಥೆ. ಗಾಳಿಯ ಹಾಗೆ ನೀರು ಅದುಮಿದರೆ ಕುಗ್ಗುವುದಿಲ್ಲ. ಸಿಲಿಂಡರಿಗೆ ನೀರು ಹೊಕ್ಕಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತುಸು ಬಾಗಿದ ರಾಡಿನಲ್ಲೂ ಕಾರು ಓಡುತ್ತದೆ, ಮುಂದೊಂದು ದಿನ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ತೂತು ಮಾಡುತ್ತದೆ. ಹಾಗಾಗಿ ಎಲ್ಲ ಸಿಲಿಂಡರಿಗೂ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇ 10–15ರಷ್ಟು ಕಡಿಮೆ ತೋರಿಸಿದರೆ ಆ ಕಾರು ಬೇಡ. ಕಾರಿನ ಒಳನೆಲದ ಮಟ್ಟಕ್ಕಿಂತ ಮೇಲೆ ನೀರು ನಿಂತ ಕಾರನ್ನು ಎಷ್ಟೇ ಅಗ್ಗಕ್ಕೂ ಕೊಳ್ಳಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಎಲೆಕ್ಟ್ರಿಕ್ ಕಾರಿಗಂತೂ ಇದು ಇನ್ನೂ ಕಟ್ಟುನಿಟ್ಟು.

ಗುದ್ದಿದ ಕಾರು

ಬೋಲ್ಟ್ ಬಿಚ್ಚಿ ಬದಲಿಸುವ ಭಾಗ ಹಾಳಾಗಿತ್ತೋ, ಕತ್ತರಿಸಿ ವೆಲ್ಡ್ ಮಾಡುವ ಭಾಗವೋ ಎಂದು ಬೇರ್ಪಡಿಸಿ ನೋಡಿ. ಬಂಪರ್, ಬಾನೆಟ್, ಫೆಂಡರ್, ಬಾಗಿಲು ಮೊದಲ ಗುಂಪು, ಅಷ್ಟಾಗಿ ಚಿಂತೆಯಿಲ್ಲ. ಬಾಗಿಲ ಕಂಬಗಳು, ಛಾವಣಿ, ಮುಂದಿನ ಏಪ್ರನ್ (ಎಂಜಿನ್ ಪಕ್ಕದ ಒಳತಗಡು), ಎಂಜಿನ್ ಹೊರುವ ಉದ್ದದ ಚಾಸಿ ತೊಲೆಗಳು ಎರಡನೆಯವು. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಕಂಬದ ಅಂಚು ನೋಡಿ. ಕಾರ್ಖಾನೆಯ ಸ್ಪಾಟ್ ವೆಲ್ಡ್ ಒಂದೇ ಅಂತರದಲ್ಲಿ ಸಣ್ಣ ದುಂಡು ಗುಳಿಗಳಾಗಿ ಕಾಣುತ್ತದೆ. ಅವು ಮಾಯವಾಗಿದ್ದರೆ ಅಥವಾ ಎಡಬಲ ಹೊಂದದಿದ್ದರೆ ಕಂಬ ಕತ್ತರಿಸಿದ್ದಾರೆ.

ಬಣ್ಣದ ದಪ್ಪ ಅಳೆಯುವ ಗೇಜ್ ಇದ್ದರೆ ಒಳ್ಳೆಯದು. ಕಾರ್ಖಾನೆ ಬಣ್ಣ ಸಾಮಾನ್ಯವಾಗಿ 80–150 ಮೈಕ್ರಾನ್. 200 ದಾಟಿದರೆ ಮರುಪೇಂಟಿಂಗ್, 500 ದಾಟಿದರೆ ಕೆಳಗೆ ಪುಟ್ಟಿ ಮೆತ್ತಿದ್ದಾರೆ. ಕೊನೆಗೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ ಪ್ರಿಂಟ್ ತೆಗೆದುಕೊಳ್ಳಿ. ಎಷ್ಟು ತಿರುಗಿಸಿದರೂ ಕ್ಯಾಂಬರ್, ಕ್ಯಾಸ್ಟರ್ ಎಂಬ ಚಕ್ರದ ಓರೆಯ ಕೋನಗಳು ಅಳತೆಗೆ ಬಾರದಿದ್ದರೆ, ಸಸ್ಪೆನ್ಷನ್ ಭಾಗಗಳೂ ಸರಿಯಿದ್ದರೆ, ಬಾಡಿಯೇ ಸೊಟ್ಟಗಾಗಿದೆ.

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತದೇ ಇದ್ದರೆ ಆ ದೀಪವನ್ನೇ ಕಿತ್ತಿರಬಹುದು. ಸರಿಯಾಗಿ ಹತ್ತಿ ಆರಿದರೂ ನಂಬುವಂತಿಲ್ಲ, ಏರ್‌ಬ್ಯಾಗ್ ಜಾಗಕ್ಕೆ ರೆಸಿಸ್ಟರ್ ಕೂರಿಸಿ ದೀಪವನ್ನು ಏಮಾರಿಸುತ್ತಾರೆ. ಮನೆಮಂದಿಯ ಜೀವದ ಮಾತಿದು. ಸ್ಟೀರಿಂಗ್ ಮುಚ್ಚಳ ಬಿಚ್ಚಿಸಿ ಕಣ್ಣಾರೆ ನೋಡಿ, ಬಿಲ್ ಕೇಳಿ, ಜೊತೆಗೇ ಕಂಪನಿ ಸ್ಕ್ಯಾನರಿನಲ್ಲಿ ದೋಷದ ಕೋಡ್ ಓದಿಸಿ.

ಲೆಕ್ಕ

ತಪಾಸಣೆಯಲ್ಲಿ ಕಂಡ ಪ್ರತಿ ಕೊರತೆಗೂ ಶೋರೂಂ ಪಾರ್ಟ್ಸ್ ಕೌಂಟರಿನಿಂದ ದರ ತರಿಸಿ. ಮುಂದೆ ನೀವು ಮಾರುವಾಗಲೂ ಇದೇ ಕಳಂಕ ಬೆಲೆ ಕಡಿಯುತ್ತದೆ. ಆದ್ದರಿಂದ ಶುದ್ಧ ಕಾರಿನ ಬೆಲೆಯ ಶೇ 60ರಿಂದ ಶುರುಮಾಡಿ ರಿಪೇರಿ ಮೊತ್ತ ಕಳೆಯಿರಿ. ₹6 ಲಕ್ಷದ ಕಾರಾದರೆ ₹3.6 ಲಕ್ಷ. ₹60,000 ಕೆಲಸ ಬಾಕಿಯಿದ್ದರೆ ₹3 ಲಕ್ಷ. ₹4.25 ಲಕ್ಷಕ್ಕೆ ಅದು ಅಗ್ಗವೇ ಅಲ್ಲ.

ಅಡ್ವಾನ್ಸ್ ಕೊಡುವ ಮುನ್ನ ಎರಡು ವಿಮಾ ಕಂಪನಿಗಳಿಗೆ ನೋಂದಣಿ ಸಂಖ್ಯೆ ಕೊಟ್ಟು, ಹಳೇ ಕ್ಲೇಮ್ ವಿಷಯ ಮುಚ್ಚಿಡದೆ, ಸ್ವಂತ ಹಾನಿಯ ವಿಮೆ ಕೊಡುತ್ತೀರಾ ಎಂದು ಇಮೇಲಿನಲ್ಲಿ ಕೇಳಿ. ಬರೀ ಥರ್ಡ್ ಪಾರ್ಟಿ ಎಂಬ ಉತ್ತರ ಬಂದರೆ ಬೆಲೆ ಇನ್ನೂ ಇಳಿಯಬೇಕು. ಎಲ್ಲ ಒಪ್ಪಿಗೆಯಾದರೆ ಏನೇನು ಜಖಂ ಆಗಿತ್ತು ಎಂಬುದನ್ನು ಮಾರಾಟದ ಪತ್ರದಲ್ಲೇ ಬರೆಸಿ ಸಹಿ ಹಾಕಿಸಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30 ಅಂದೇ ತುಂಬಿಸಿ, ಸಾಲವಿದ್ದ ಕಾರಾದರೆ ಸಾಲದ ನಮೂದು ತೆಗೆಸುವ ಬ್ಯಾಂಕಿನ ಫಾರಂ 35 ಕೂಡ ಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಅರ್ಜಿ 14 ದಿನದೊಳಗೆ ಹೋಗಬೇಕು.