ನಾಲ್ಕು ಸಾಲಿನ ಕಥೆ ಇಟ್ಟುಕೊಂಡು ಪ್ರಶ್ನೆ ಕೇಳುವುದು ಹೇಗೆ?

ಪ್ರಶ್ನೆ ಕೇಳಿ ಅಂದರೆ ಮಕ್ಕಳು ಸುಮ್ಮನೆ ಕೂರುತ್ತಾರೆ. ದೊಡ್ಡವರೂ ಅಷ್ಟೇ. ಉದ್ದದ ಪಾಠ ಕೊಟ್ಟರಂತೂ ಎಲ್ಲಿಂದ ಹಿಡಿಯಬೇಕೋ ಗೊತ್ತಾಗುವುದಿಲ್ಲ. ನಾಲ್ಕೈದು ಸಾಲಿನ ಕಥೆಯಾದರೆ ಪೂರ್ತಿ ಕಣ್ಣೆದುರೇ ಇರುತ್ತದೆ. ‘ಇದು ಎಲ್ಲಿದೆ?’ ಅಂದರೆ ಬೆರಳಿಟ್ಟು ತೋರಿಸಬಹುದು.

ಮೊದಲು ಕಥೆ ಆರಿಸಿ. ಕೊನೆಗೆ ನೀತಿ ಹೇಳುವಂಥದ್ದು ಬೇಡ. ಅಂಥದ್ದೇ ಸಿಕ್ಕಿದರೆ ನೀತಿಯ ಸಾಲನ್ನು ಹೊಡೆದುಹಾಕಿ. ಇದನ್ನು ನೋಡಿ:

‘ಪರೀಕ್ಷೆ ಮುಗಿಯಿತು. ಇಬ್ಬರು ಹುಡುಗರ ಉತ್ತರಗಳು ಒಂದೇ ಥರ ಇದ್ದವು. ಮೇಷ್ಟ್ರು ಹಿಂದಿನ ಬೆಂಚಿನವನನ್ನು ಕರೆದರು. ಅವನು ತಲೆ ತಗ್ಗಿಸಿ ನಿಂತ.’

ಏನಾಯಿತು ಅಂತ ಕೇಳಿ. ‘ಹಿಂದಿನ ಬೆಂಚಿನವನು ಕಾಪಿ ಹೊಡೆದ’ ಅನ್ನುವವರೇ ಜಾಸ್ತಿ. ಅದು ಯಾವ ಸಾಲಿನಲ್ಲಿದೆ? ಎಲ್ಲೂ ಇಲ್ಲ, ಅಲ್ವಾ? ಈಗ ಹಾಳೆಯ ಮಧ್ಯೆ ಗೆರೆ ಎಳೆಸಿ. ಒಂದು ಕಡೆ ಕಥೆ ಹೇಳಿದ್ದು, ಇನ್ನೊಂದು ಕಡೆ ನಾವು ಊಹಿಸಿದ್ದು. ನನ್ನ ಮಟ್ಟಿಗೆ ಈ ಅಭ್ಯಾಸದ ಮುಖ್ಯ ಕೆಲಸ ಇದೇ.

ಆಮೇಲೆ ಊಹೆಗಳನ್ನು ಕೆಣಕಿ. ಒಂದೇ ಥರ ಇದ್ದದ್ದು ಸರಿಯುತ್ತರಗಳೋ, ತಪ್ಪುತ್ತರಗಳೋ? ಇಬ್ಬರ ಲೆಕ್ಕವೂ ಸರಿಯಿದ್ದರೆ ಅದರಲ್ಲೇನು ವಿಶೇಷ? ಇಬ್ಬರೂ ಒಂದೇ ವಿಚಿತ್ರ ತಪ್ಪು ಮಾಡಿದ್ದರೆ ಅನುಮಾನಕ್ಕೆ ಜಾಗ ಇದೆ. ಆಗಲೂ, ಯಾರದ್ದನ್ನು ಯಾರು ನೋಡಿದರು? ಇಬ್ಬರಿಗೂ ಒಬ್ಬರೇ ತಪ್ಪಾಗಿ ಹೇಳಿಕೊಟ್ಟಿರಬಾರದೇ? ತಲೆ ತಗ್ಗಿಸಿದ್ದು ತಪ್ಪೊಪ್ಪಿಗೆಯೋ, ಹೆದರಿಕೆಯೋ? ಇನ್ನೊಬ್ಬ ಎಲ್ಲಿ ಕೂತಿದ್ದ? ಕಥೆ ಅದನ್ನೂ ಹೇಳಿಲ್ಲ.

ಈಗ ‘ಹಿಂದಿನ’ ಇದ್ದಲ್ಲಿ ‘ಮುಂದಿನ’ ಅಂತ ಬದಲಿಸಿ ಓದಿ. ಅನುಮಾನ ಸಡಿಲವಾಯಿತೇ? ಹಾಗಿದ್ದರೆ ಮೊದಲು ಅದು ಎಲ್ಲಿಂದ ಬಂದಿತ್ತು ಅಂತ ಅವರನ್ನೇ ಕೇಳಿ.

ಕೇಳಿದ ಮೇಲೆ ಕಾಯಬೇಕು. ಇದು ಹೇಳಿದಷ್ಟು ಸುಲಭ ಅಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿ, 1970ರ ದಶಕದಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ 1 ಸೆಕೆಂಡ್‌ ಕಾಯುತ್ತಿದ್ದರು, ಅಷ್ಟೇ. 3 ಸೆಕೆಂಡ್‌ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಅವರಾಗಿಯೇ ಕೇಳುವ ಪ್ರಶ್ನೆಯೂ ಹೆಚ್ಚಿತು. ಹಾಗಾಗಿ ಬಾಯಿ ಬಿಡುವ ಮೊದಲು ಮನಸ್ಸಿನಲ್ಲೇ ಮೂರು ಎಣಿಸಿ.

‘ಕೊನೆಗೂ ಅವನು ಕಾಪಿ ಹೊಡೆದನಾ, ಇಲ್ವಾ?’ ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಕೊಡಬೇಡಿ. ಅದು ಗೊತ್ತಾಗಬೇಕಾದರೆ ಮೇಷ್ಟ್ರು ಯಾರನ್ನು, ಏನು ಕೇಳಬೇಕಿತ್ತು ಅಂತ ಬರೆಯಲು ಹೇಳಿ. ಒಂದು ಕಥೆಗೆ ಇಷ್ಟು ಸಾಕು.