ಬ್ಯಾಳಿ ಕಟ್ಟು ಚೆಲ್ಲಿದೆ, ಉಪ್ಪು ತೂಗಿದೆ: ನನ್ನ ಕಿಡ್ನಿಯ ಲೆಕ್ಕ

ಹೋದ ವಾರ ರಿಪೋರ್ಟ್ ಬಂತು. ಕ್ರಿಯಾಟಿನಿನ್ 2.1. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ಅದು, ರಕ್ತದಲ್ಲಿ ಏರಿದಷ್ಟೂ ಕಿಡ್ನಿ ಕುಂದಿದೆ ಅಂತ ಅರ್ಥ. 2021ರ ಆಗಸ್ಟ್‌ನಲ್ಲಿ ಕಿಡ್ನಿ ಕೆಟ್ಟಿದೆ ಅಂತ ಮೊದಲ ಸಲ ಗೊತ್ತಾದಾಗ 2.3 ಇತ್ತು, ನಡುವೆ ಒಮ್ಮೆ 2.9ಕ್ಕೂ ಹೋಗಿತ್ತು. ಈಗ ಮೂರು ಬೇಸಿಗೆ ದಾಟಿದರೂ 2.1, 2.2ರಲ್ಲೇ ಓಡಾಡುತ್ತಿದೆ. "ಒಂದು ವರ್ಷದಾಗ ಡಯಾಲಿಸಿಸ್ ಆಗ್ತದ ನೋಡ್ರಿ" ಅಂತ ಮದುವೆ ಮನೆಯಲ್ಲಿ ನನ್ನೆದುರಿಗೇ ಹೇಳಿದವರಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ.

ಇಜಿಎಫ್‌ಆರ್ ಅಂದರೇನು, 3ಬಿ ಹಂತ ಅಂದರೇನು ಅಂತ ಉದ್ದಕ್ಕೆ ವಿವರಿಸಲು ಹೋಗುವುದಿಲ್ಲ. ಮೊದಲನೆಯದು ಕಿಡ್ನಿ ಸೋಸುವ ವೇಗ, ಎರಡನೆಯದು ಆ ವೇಗ ಅರ್ಧಕ್ಕಿಂತ ಕೆಳಗಿಳಿದ ಹಂತ, ಅಷ್ಟೇ. ಈ ದಾರಿಯಲ್ಲಿ ಇರುವವರಿಗೆ ಅದೆಲ್ಲ ಬಾಯಿಪಾಠ. ನನಗೆ ಬಂದದ್ದು ಬಿಪಿಯಿಂದ, ಮೇಲೆ ಸೊಂಟನೋವಿಗೆ ವರ್ಷಗಟ್ಟಲೆ ನುಂಗಿದ ನೋವಿನ ಗುಳಿಗೆ. ಚೀಟಿ ಇಲ್ಲದೆ ಅಂಗಡಿಯವನು ಕೊಟ್ಟ, ನಾನು ತಿಂದೆ. ಅವನನ್ನು ಬೈದು ಏನು ಪ್ರಯೋಜನ, ಕೈ ಚಾಚಿದ್ದು ನಾನು.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮೂವತ್ತು ವರ್ಷ ತೊಗರಿಯ ಧೂಳು ಕುಡಿದ ಜೀವ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್ (ಇಂಥ ಊರಿನದೇ ಅಂತ ಸರ್ಕಾರ ಕೊಡುವ ಗುರುತು) ಸಿಕ್ಕಾಗ ಮಿಲ್ಲಿನಲ್ಲಿ ಪೇಡಾ ಹಂಚಿದ್ದೂ ನಾನೇ. ಅಂಥವನಿಗೆ ಎರಡು ವರ್ಷದಲ್ಲಿ ಡಾಕ್ಟರು "ಬೇಳೆ ಕಡಿಮೆ ಮಾಡಿ" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೊದಲ ಎಂಟು ತಿಂಗಳು ಬರೀ ದುಡ್ಡು ಕಳೆದದ್ದು. ಯಾರೋ ಸೊಲ್ಲಾಪುರಕ್ಕೆ ಹೋಗು ಅಂದರು, ಹೋದೆ. ಇನ್ನಾರೋ ಹೈದರಾಬಾದ್ ಅಂದರು, ಅಲ್ಲಿಗೂ ಹೋದೆ. ಎರಡೂ ಕಡೆ ಹೇಳಿದ್ದು ಇಲ್ಲಿನ ಡಾಕ್ಟರು ಹೇಳಿದ್ದನ್ನೇ. ಕಾರು ಬಾಡಿಗೆ, ಟೆಸ್ಟು, ಊಟ ಸೇರಿ ಹದಿನಾರು ಹದಿನೇಳು ಸಾವಿರ. ಆಮೇಲೆ ಹಳ್ಳಿಯೊಂದರ ವೈದ್ಯರ ಪುಡಿ, ಮೂರು ತಿಂಗಳಿಗೆ ಸುಮಾರು 18 ಸಾವಿರ. ಪುಡಿಯಲ್ಲಿ ಏನಿದೆ ಅಂತ ಕೇಳಿದರೆ "ಬೇರು" ಅಂತಷ್ಟೇ ಉತ್ತರ. ನಮ್ಮ ಡಾಕ್ಟರು ಡಬ್ಬಿ ತಿರುಗಿಸಿ ನೋಡಿ, ಭಸ್ಮ (ಲೋಹ ಸುಟ್ಟು ಮಾಡಿದ ಪುಡಿ) ಬೆರೆಸಿದ್ದರೆ ಕಿಡ್ನಿ ಇನ್ನೂ ಕೆಡುತ್ತದೆ ಅಂದರು. ಅವತ್ತೇ ನಿಲ್ಲಿಸಿದೆ. 14 ಸಾವಿರದ ನೀರಿನ ಫಿಲ್ಟರ್ ಬೇರೆ ಹಾಕಿಸಿದೆ. ನಮ್ಮ ಬೋರ್ ನೀರು ಗಡುಸು, ಕುಡಿಯಲು ಒಳ್ಳೆಯದೇ ಆಯಿತು. ಆದರೆ ಅದರಿಂದ ಕ್ರಿಯಾಟಿನಿನ್ ಒಂದು ಪಾಯಿಂಟೂ ಅಲ್ಲಾಡಲಿಲ್ಲ.

ನೀರಿನ ವಿಷಯದಲ್ಲಿ ಎರಡು ಸಲ ಎಡವಿದೆ, ಎರಡೂ ದಿಕ್ಕಿಗೆ.

ಮೊದಲನೆಯದು ನಮ್ಮ ಭಾವಮೈದುನನ ಸಲಹೆ. "ದಿನಾ ಐದು ಲೀಟರ್ ಕುಡಿ ಮಾವ, ಕಿಡ್ನಿ ತೊಳೆದು ಹೋಗ್ತದ." ಮೋರಿ ತೊಳೆದಂತೆ! ಹತ್ತು ದಿನ ಕುಡಿದೆ. ತಲೆ ಭಾರ, ವಾಕರಿಕೆ, ಸಾಯಂಕಾಲ ಚಪ್ಪಲಿಯ ಪಟ್ಟಿ ಪಾದದಲ್ಲಿ ಅಚ್ಚೊತ್ತುವಷ್ಟು ಬಾವು. ಟೆಸ್ಟ್ ಮಾಡಿಸಿದರೆ ಸೋಡಿಯಂ 128. ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆಯೂ ಇತ್ತಲ್ಲ, ಅದರ ಜೊತೆ ಇಷ್ಟು ನೀರು ಸೇರಿ ರಕ್ತದ ಸೋಡಿಯಂ ತೆಳುವಾಗಿತ್ತು.

ಹೆದರಿ ಇನ್ನೊಂದು ತುದಿಗೆ ಹಾರಿದೆ. ಕಿಡ್ನಿ ಪೇಷಂಟ್ ದಿನಕ್ಕೆ ಒಂದೇ ಲೀಟರ್ ಕುಡಿಯಬೇಕು ಅಂತ ಎಲ್ಲೋ ಓದಿದ್ದೆ. ಆಗ 2022ರ ಮೇ. ನಮ್ಮೂರ ಮೇ ತಿಂಗಳು ಹೇಗಿರುತ್ತದೆ ಅಂತ ಹೇಳಬೇಕಿಲ್ಲ, 43, 44 ಡಿಗ್ರಿ. ಮಿಲ್ಲಿನ ತಗಡಿನ ಕೆಳಗೆ ಇನ್ನೂ ಜಾಸ್ತಿ. ಒಂದು ಲೀಟರ್ ಬಾಟಲಿ ಹಿಡಿದು ತಪಸ್ಸು ಮಾಡಿದೆ. ಹನ್ನೆರಡನೇ ದಿನ ಗೋಣಿ ಎಣಿಸುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಅವತ್ತಿನ ಕ್ರಿಯಾಟಿನಿನ್ನೇ 2.9. ಡಾಕ್ಟರು ಚೆನ್ನಾಗಿ ಬೈದರು. ಆ ಒಂದು ಲೀಟರ್ ಲೆಕ್ಕ ಮೂತ್ರ ನಿಂತುಹೋದವರಿಗೆ, ಡಯಾಲಿಸಿಸ್‌ನಲ್ಲಿ ಇರುವವರಿಗೆ. ನನಗೆ ಮೂತ್ರ ಚೆನ್ನಾಗಿಯೇ ಆಗುತ್ತಿತ್ತು. ಒಣಗಿದ ಮೈಗೆ ಬಿಪಿ ಗುಳಿಗೆ ಬಿದ್ದರೆ ಕಿಡ್ನಿಗೆ ರಕ್ತವೇ ಸಾಲುವುದಿಲ್ಲ ಅಂದರು. ವಾಂತಿ ಭೇದಿ ಶುರುವಾದ ದಿನ ಯಾವ ಗುಳಿಗೆ ನಿಲ್ಲಿಸಬೇಕು ಅಂತಲೂ ಅವತ್ತೇ ಚೀಟಿ ಬರೆಸಿಕೊಂಡೆ. ಅದು ಈಗಲೂ ಪಾಕೀಟಿನಲ್ಲಿದೆ. ನೀವೂ ನಿಮ್ಮ ಡಾಕ್ಟರಿಂದ ಬರೆಸಿಕೊಳ್ಳಿ, ನನ್ನದು ನಿಮಗೆ ಹೊಂದುವುದಿಲ್ಲ.

ಬೈಸಿಕೊಂಡ ಮೇಲೆ ಬುದ್ಧಿ ಬಂತು. ನಾನು ಲೆಕ್ಕದವನು, ನನ್ನ ಮೈಯ ಜಮಾ ಖರ್ಚು ಬರೆಯಲು ಆಗಲ್ವಾ?

24 ಗಂಟೆಯ ಮೂತ್ರ ಹಿಡಿದು ಸೋಡಿಯಂ ನೋಡುವ ಟೆಸ್ಟ್ ಇದೆ, ತಿಂದ ಉಪ್ಪು ಹೆಚ್ಚುಕಡಿಮೆ ಪೂರ್ತಿ ಅಲ್ಲೇ ಹೊರಬರುತ್ತದಲ್ಲ. ನಮ್ಮಲ್ಲಿ ಬಹಳ ಜನ ಮಾಡಿಸುವುದೇ ಇಲ್ಲ. ಖರ್ಚು ಮುನ್ನೂರೋ ನಾನೂರೋ. ಐದು ಲೀಟರ್ ಕ್ಯಾನನ್ನು ಸೀರೆ ಅಂಗಡಿಯ ಚೀಲದಲ್ಲಿಟ್ಟು ಮಿಲ್ಲಿಗೆ ಒಯ್ದೆ. ವಾಚ್‌ಮನ್ "ಎಣ್ಣಿ ಏನ್ರೀ ಸಾಹೇಬ್ರ?" ಅಂದ. ಹೂಂ ಅಂದೆ, ಮತ್ತೇನು ಹೇಳುವುದು. ಸೋಡಿಯಂ 210 ಬಂತು. ನೂರಕ್ಕೆ ಹೆಚ್ಚುಕಡಿಮೆ ಆರು ಗ್ರಾಂ ಉಪ್ಪು ಅಂತ ಹಿಡಿದರೆ ದಿನಕ್ಕೆ ಹನ್ನೆರಡು ಗ್ರಾಂ! ನಾನು "ಉಪ್ಪು ಬಿಟ್ಟೇಬಿಟ್ಟಿದ್ದೀನಿ" ಅಂತ ಊರೆಲ್ಲ ಸಾರುತ್ತಿದ್ದೆ. ಅಡುಗೆಗೆ ಕಡಿಮೆ ಹಾಕಿದ್ದು ನಿಜ. ಆದರೆ ಶೇಂಗಾ ಹಿಂಡಿ (ಚಟ್ನಿಪುಡಿ), ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿದ ಮಜ್ಜಿಗೆ, ಸಾಯಂಕಾಲದ ಮಿರ್ಚಿ ಭಜಿ, ಇವ್ಯಾವೂ ನನ್ನ ಖಾತೆಗೆ ಬಂದೇ ಇರಲಿಲ್ಲ. ಭಜಿಯ ಸೋಡಾ, ಹಪ್ಪಳದ ಖಾರ (ಮೆಣಸಿನ ಖಾರ ಅಲ್ಲ, ಹಿಟ್ಟಿಗೆ ಹಾಕುವ ಸೋಡಾದಂಥ ಕ್ಷಾರ), ಅವೂ ಸೋಡಿಯಂ ಅಲ್ವಾ. ಸೈಂಧವ ಉಪ್ಪು ತಿಂದರೆ ಏನೂ ಆಗಲ್ಲ ಅನ್ನುವವರು ಇದೇ ಟೆಸ್ಟ್ ಒಮ್ಮೆ ಮಾಡಿಸಿ ನೋಡಲಿ. ಬಣ್ಣ ಗುಲಾಬಿ, ಒಳಗಿರುವುದು ಅದೇ ಸೋಡಿಯಂ.

ಬಂಗಾರದ ಅಂಗಡಿಯವರು ಇಡುವಂಥ ಪುಟ್ಟ ತೂಕದ ಯಂತ್ರ ತರಿಸಿದೆ, ಸುಮಾರು 350 ರೂಪಾಯಿ. ಬೆಳಿಗ್ಗೆ ನಾಲ್ಕು ಗ್ರಾಂ ಉಪ್ಪು ತೂಗಿ ಕುಂಕುಮದ ಹಳೆಯ ಡಬ್ಬಿಗೆ ಹಾಕುತ್ತೇನೆ. ಇಡೀ ದಿನ ಅಷ್ಟೇ. ಹಾಲು, ತರಕಾರಿಯಲ್ಲಿ ಇರುವುದು ಸೇರಿ ಐದರ ಹತ್ತಿರ ಬರುತ್ತದೆ, ಡಾಕ್ಟರು ಹೇಳಿದ್ದೂ ಐದೇ. ನನ್ನ ಪಲ್ಯ ಸಪ್ಪಗೆ ತೆಗೆದಿಡುತ್ತಾರೆ. ಉಪ್ಪನ್ನು ಬೇಯುವಾಗ ಹಾಕಿಸುವುದಿಲ್ಲ, ತಟ್ಟೆಗೆ ಬಡಿಸಿದ ಮೇಲೆ ಮೇಲಿಂದ ಚಿಟಿಕೆ ಉದುರಿಸುತ್ತೇನೆ. ಒಳಗೆ ಬೆಂದ ಉಪ್ಪಿಗಿಂತ ಮೇಲೆ ಬಿದ್ದ ಉಪ್ಪು ನಾಲಿಗೆಗೆ ಮೊದಲು ತಾಗುತ್ತದೆ, ಅರ್ಧದಲ್ಲಿ ಅದೇ ರುಚಿ. ಮೊದಲ ಮೂರು ವಾರ ನರಕ. ಆಮೇಲೆ ಹೊರಗಿನ ಊಟವೇ ಉಪ್ಪುಪ್ಪು ಅನಿಸತೊಡಗಿತು. ಇನ್ನು ನಮ್ಮ ಜೋಳದ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲವಲ್ಲ! ಬ್ರೆಡ್ಡು ತಿನ್ನುವವರಿಗೆ ಈ ಭಾಗ್ಯ ಇಲ್ಲ. ಆರು ತಿಂಗಳ ನಂತರದ ಟೆಸ್ಟ್‌ನಲ್ಲಿ ಸೋಡಿಯಂ 95.

ಉಪ್ಪು ಇಳಿದ ಮೇಲೆ ಬಾಯಾರಿಕೆ ತಾನಾಗಿಯೇ ಇಳಿಯಿತು. ಇದು ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿಯವರೆಗೆ ನೀರಿನ ಜೊತೆ ಗುದ್ದಾಡಿದ್ದೆ, ಗಂಟು ಇದ್ದದ್ದು ಉಪ್ಪಿನ ಡಬ್ಬಿಯಲ್ಲಿ.

ಈಗ ನೀರು ಹೀಗೆ: ಮಳೆಗಾಲ, ಚಳಿಗಾಲ ಎರಡು ಲೀಟರ್ ಒಳಗೆ. ಮಾರ್ಚ್ ಹದಿನೈದರಿಂದ ಜೂನ್ ಮಳೆ ಬೀಳುವವರೆಗೆ ಎರಡೂವರೆ, ಕೆಲವು ದಿನ ಎರಡೂಮುಕ್ಕಾಲು. ಚಹಾ, ಮಜ್ಜಿಗೆ, ಸಾರು ಎಲ್ಲ ಸೇರಿ. ಈ ಅಂಕಿ ಡಾಕ್ಟರು ಕೊಟ್ಟದ್ದು, ಆದರೆ ಅದಕ್ಕೆ ಆಧಾರ ಒದಗಿಸಿದ್ದು ನಾನು ಅಂತ ಸ್ವಲ್ಪ ಜಂಬ ಇದೆ. ಏಪ್ರಿಲ್‌ನಲ್ಲಿ ಮಿಲ್ಲಿನ ತೂಕದ ಯಂತ್ರದ ಮೇಲೆ ನಾನೇ ನಿಂತೆ. ಎರಡು ತಾಸು ಅಂಗಳದಲ್ಲಿ ಲಾರಿ ಇಳಿಸಿಕೊಂಡು ಬಂದು, ಬೆವರು ಒರೆಸಿ ಮತ್ತೆ ನಿಂತೆ. ನಡುವೆ ನೀರು ಕುಡಿದಿರಲಿಲ್ಲ, ಬಾತ್‌ರೂಮಿಗೂ ಹೋಗಿರಲಿಲ್ಲ. 600, 700 ಗ್ರಾಂ ಇಳಿದಿತ್ತು. ನಾಲ್ಕು ದಿನ ಹಾಗೇ ಮಾಡಿ ಬರೆದೊಯ್ದು ತೋರಿಸಿದೆ. "ಈ ಪೇಷಂಟು ನೋಡಿ ಕಲಿಯಿರಿ" ಅಂತ ಪಕ್ಕದಲ್ಲಿದ್ದ ಜೂನಿಯರ್‌ಗಳಿಗೆ ಹೇಳಿದರು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು ಮನೆಯಲ್ಲೂ ತೂಗಿಕೊಳ್ಳುತ್ತೇನೆ. ನನ್ನದು 68 ಕೆಜಿ. ರಾತ್ರಿ ಬೆಳಗಾಗುವುದರಲ್ಲಿ ಒಂದು ಕೆಜಿ ಏರಿದರೆ ಅದು ಮಾಂಸ ಅಲ್ಲ, ಉಪ್ಪು ಹಿಡಿದಿಟ್ಟ ನೀರು. ಒಂದು ಮದುವೆ ಊಟದ ಮರುದಿನ 1.2 ಏರಿತ್ತು, ಹಪ್ಪಳ ಉಪ್ಪಿನಕಾಯಿಯ ಪ್ರತಾಪ. ಬಾಯಿ ಒಣಗಿದರೆ ಒಂದು ಉಪಾಯ ಇಟ್ಟುಕೊಂಡಿದ್ದೇನೆ, ಅದನ್ನು ಇಲ್ಲಿ ಹೇಳಲ್ಲ. ಪೂರ್ತಿ ಒಂದು ಬೇಸಿಗೆ ನೋಡಿ ಆಮೇಲೆ ಹೇಳುತ್ತೇನೆ.

ಪೊಟ್ಯಾಸಿಯಂ ಕಥೆ ಬೇರೆ. ಕಿಡ್ನಿ ಕುಂದಿದರೆ ಅದು ರಕ್ತದಲ್ಲೇ ಉಳಿದು ಏರುತ್ತದೆ, ಹೆಚ್ಚಾದರೆ ಹೃದಯಕ್ಕೇ ಅಪಾಯ. ಒಮ್ಮೆ ಅಂಗಡಿಯಲ್ಲಿ "ಸೋಡಿಯಂ ಕಡಿಮೆ" ಅಂತ ಬರೆದ ಉಪ್ಪಿನ ಪಾಕೀಟು ಕಂಡೆ. ಬಿಪಿಗೆ ಒಳ್ಳೆಯದು ಅಂತ ಖುಷಿಯಿಂದ ತಂದು ಮೂರು ವಾರ ತಿಂದೆ. ಸೋಡಿಯಂ ಕಡಿಮೆ ಮಾಡಿ ಆ ಜಾಗಕ್ಕೆ ತುಂಬುವುದು ಪೊಟ್ಯಾಸಿಯಂ ಕ್ಲೋರೈಡ್ ಅಂತ ಹಿಂಬದಿಯ ಸಣ್ಣ ಅಕ್ಷರದಲ್ಲಿತ್ತು. ರಿಪೋರ್ಟ್‌ನಲ್ಲಿ ಪೊಟ್ಯಾಸಿಯಂ 6.1, ಬಹಳ ಜಾಸ್ತಿ. ಅವತ್ತು ರಾತ್ರಿ ಇಸಿಜಿ, ಬೆಳಗಿನವರೆಗೆ ಆಸ್ಪತ್ರೆ, ಪೊಟ್ಯಾಸಿಯಂ ಇಳಿಸಲು ಮರಳಿನಂಥ ಪುಡಿ ಕುಡಿದದ್ದು, ಬಿಲ್ ಹನ್ನೊಂದು ಸಾವಿರ. ಉಪ್ಪಿನ ಪಾಕೀಟು ಎಷ್ಟು ಗೊತ್ತಾ, ಐವತ್ತರ ಒಳಗೆ. ಬಿಸಿಲಿಗೆ ಪ್ರೀತಿಯಿಂದ ಎಳನೀರು ಕೊಡಲು ಬರುವವರಿಗೂ ಈಗ ಕೈ ಮುಗಿದು ಬೇಡ ಅನ್ನುತ್ತೇನೆ, ಅದರಲ್ಲೂ ಪೊಟ್ಯಾಸಿಯಂ. ಇನ್ನೊಂದು ಸಲ 6 ಬಂದಾಗ ಮಾತ್ರ ಗಾಬರಿಯಾಗದೆ ತಕ್ಷಣ ಮತ್ತೆ ರಕ್ತ ಕೊಟ್ಟೆ, 4.8 ಬಂತು. ತೋಳಿಗೆ ಬಿಗಿಯಾಗಿ ಕಟ್ಟಿ ಬಹಳ ಹೊತ್ತು ಸೂಜಿ ತಿರುವಿದ್ದ ಹುಡುಗ, ರಕ್ತಕಣ ಒಡೆದರೆ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ.

ಈಗ ಬ್ಯಾಳಿ. ಬಿಡಲು ಆಗಲಿಲ್ಲ, ಬಿಡಲೂ ಇಲ್ಲ. ದಿನಕ್ಕೆ ಪ್ರೊಟೀನ್ ಐವತ್ತರ ಆಸುಪಾಸು ಸಾಕು ಅಂದಿದ್ದರು. ಕೂತು ಕೂಡಿಸಿದೆ: ಐದು ರೊಟ್ಟಿಗೆ 20, ಹಾಲು ಮೊಸರಿಗೆ 8, ಅನ್ನಕ್ಕೆ 5, ಪಲ್ಯಕ್ಕೆ 5, ಒಂದು ಚಮಚ ಹಿಂಡಿಗೆ 2. ಇನ್ನೂ ಹತ್ತು ಉಳಿಯಿತಲ್ಲ. 40 ಗ್ರಾಂ ತೊಗರಿ ಬೇಳೆ ಬಂದರೆ ಒಂಬತ್ತು. ಬಂತು! ಡಬ್ಬಿಯ ಪ್ರೊಟೀನ್ ಪುಡಿಗೆ ಸಾವಿರ ಕೊಡುವ ಗೊಡವೆಯೇ ಬೇಡ.

ಪೊಟ್ಯಾಸಿಯಂಗೆ ಉಪಾಯ ನಮ್ಮ ಅಡುಗೆಮನೆಯಲ್ಲೇ ಇತ್ತು. ಹೋಳಿಗೆ ಮಾಡುವಾಗ ಬ್ಯಾಳಿ ಕುದಿಸಿ ಕಟ್ಟು ಬಸಿಯುತ್ತಾರಲ್ಲ, ಬ್ಯಾಳಿಯ ಪೊಟ್ಯಾಸಿಯಂ ಬಹಳಷ್ಟು ಇಳಿಯುವುದು ಅದೇ ಕಟ್ಟಿಗೆ. ರಾತ್ರಿ ನೆನೆಸಿ ಆ ನೀರು ಚೆಲ್ಲುವುದು, ಅಗಲ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಕುದಿಸಿ ಕಟ್ಟು ಬಸಿಯುವುದು. ಕುಕ್ಕರ್ ಬೇಡ, ಅದರಲ್ಲಿ ಎಲ್ಲ ಒಳಗೇ ಉಳಿಯುತ್ತದೆ. ಬಸಿದ ಬ್ಯಾಳಿಗೆ ಬೆಳ್ಳುಳ್ಳಿ ಜೀರಿಗೆ ಒಗ್ಗರಣೆ, ಹುಣಸೆ ಬದಲು ನಿಂಬೆ. ಕಟ್ಟಿನ ಸಾರು ಮನೆಯವರು ಕುಡಿಯುತ್ತಾರೆ, ನಾನು ವಾಸನೆ ನೋಡುತ್ತೇನೆ. ಜೀವನದಲ್ಲಿ ನನಗೆ ಅತಿ ಇಷ್ಟದ ಸಾರು ಅದೇ ಆಗಿತ್ತು, ಹೇಳಲು ಹೊಟ್ಟೆ ಉರಿಯುತ್ತದೆ. ಬಟಾಟೆಯನ್ನೂ ಸಣ್ಣಗೆ ಹೆಚ್ಚಿ ಎರಡು ಸಲ ನೀರು ಬದಲಿಸಿ ಕುದಿಸಬೇಕು. ಬರೀ ನೆನೆಸಿದರೆ ಅಷ್ಟು ಇಳಿಯಲ್ಲ. ಅದನ್ನೇ ಮಾಡಿಕೊಂಡು ಒಂದು ತಿಂಗಳು ಮೋಸ ಹೋಗಿದ್ದೆ.

ಪುಂಡಿ ಪಲ್ಯವನ್ನೂ ಹೀಗೇ ಕುದಿಸಿ ಚೆಲ್ಲಿ ನೋಡಿದೆ. ಹುಳಿ ಎಲ್ಲ ನೀರಿಗೆ ಹೋಗಿ ಒದ್ದೆ ಬಟ್ಟೆ ಅಗಿದಂತಾಯಿತು. ಕೈಬಿಟ್ಟೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ ಬೇಡ ಅನ್ನುವುದು ಹೇಗೆ? ಅಷ್ಟೊಂದು ಸೊಪ್ಪು, ಕಾಳು ಒಂದೇ ಗಡಿಗೆಯಲ್ಲಿ. ಅವತ್ತು ಎರಡು ಚಮಚ ತಿಂದು, ಸಜ್ಜೆ ರೊಟ್ಟಿ ಜಾಸ್ತಿ ತಿನ್ನುತ್ತೇನೆ. ಹಿಂದಿನ ದಿನವೂ ಮರುದಿನವೂ ಹಣ್ಣು ಬಂದ್. ಉಳಿದ ದಿನ ಹಣ್ಣೆಂದರೆ ಅರ್ಧ ಸೇಬು, ಇಲ್ಲಾ ಒಂದು ಹೋಳು ಪಪ್ಪಾಯಿ.

ಉಪ್ಪಿಲ್ಲದ ಹಿಂಡಿಯನ್ನು ಉಪ್ಪಿದ್ದಂತೆ ಅನಿಸುವ ಹಾಗೆ ಮಾಡುವುದು ನನ್ನ ಹೆಂಡತಿಯ ಕೈಚಳಕ. ಕೇಳಿದವರಿಗೆ ಆಕೆ ಹೇಳಿಲ್ಲ, ನಾನೂ ಹೇಳುವ ಹಾಗಿಲ್ಲ. ಅದರಲ್ಲಿ ಶೇಂಗಾ ಅರ್ಧಕ್ಕಿಂತ ಕಡಿಮೆ, ಇಷ್ಟು ಮಾತ್ರ ಬಿಟ್ಟುಕೊಡಬಲ್ಲೆ.

ಈಗಿನ ಖರ್ಚು ಮೂರು ತಿಂಗಳಿಗೊಮ್ಮೆ ಟೆಸ್ಟಿಗೆ ಒಂದು ಸಾವಿರದ ಮೇಲೆ, ಗುಳಿಗೆ ಬೇರೆ. ಮೊದಲ ವರ್ಷ ಕೈಬಿಟ್ಟದ್ದು ಎಪ್ಪತ್ತು ಸಾವಿರದ ಹತ್ತಿರ ಇರಬೇಕು, ಪೂರ್ತಿ ಲೆಕ್ಕ ಬರೆದಿಟ್ಟಿಲ್ಲ. ಊರವರ ಲೆಕ್ಕ ಬರೆಯುವವನು ಅದೊಂದನ್ನೇ ಬರೆಯಲಿಲ್ಲ ನೋಡಿ.

ಐದು ಲೀಟರ್ ಸಲಹೆ ಕೊಟ್ಟ ಭಾವಮೈದುನನಿಗೆ ಈಚೆಗೆ ಬಿಪಿ 170 ಬಂದಿದೆ. ಎರಡು ತಿಂಗಳ ಹಿಂದೆ ಸುಮ್ನೆ ಮಾತಾಡಿಸಲು ಬಂದವನು ಹೋಗುವಾಗ "ಮಾವ, ಆ ಉಪ್ಪು ತೂಗೂದು ಒಂದೆರಡು ದಿನ ಕೊಡು" ಅಂದ. ಇನ್ನೂ ವಾಪಸ್ ಕೊಟ್ಟಿಲ್ಲ. ನಾನು ಇನ್ನೊಂದು ತರಿಸಿದೆ, ಈ ಸಲ 400 ಹಿಡಿಯಿತು.